ಪ್ಯಾಂಟಿನ ಅಳತೆ ಬದಲಾಗಿಲ್ಲವಂತೆ!

ಪತ್ರ: ನನಗೆ 48 ವರ್ಷ. ಎತ್ತರ 168 ಸೆಂ.ಮೀ., ತೂಕ 62 ಕೆ.ಜಿ., ಬಿಎಂಐ (ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ತೋರಿಸುವ ಅಂಕಿ) 22. ಮದುವೆಯಾದಾಗಿನಿಂದ ಪ್ಯಾಂಟಿನ ಅಳತೆ ಬದಲಾಗಿಲ್ಲ. ಆದರೂ ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್, ಅಂದರೆ ಲಿವರ್‌ನಲ್ಲಿ ಕೊಬ್ಬು, ಎಂದು ಬಂದಿದೆ. ದಪ್ಪಗಿರುವ ನನ್ನ ಭಾವನಿಗೆ ಏನೂ ಇಲ್ಲ. ಇದೆಂಥ ನ್ಯಾಯ? – ಓದುಗರೊಬ್ಬರು

ಉತ್ತರ: ನ್ಯಾಯದ ಮಾತು ಆಮೇಲೆ, ಮೊದಲು ಪ್ಯಾಂಟಿನ ಸಮಾಚಾರ. ಅಳತೆ ಅದೇ ಇರಬಹುದು ಸ್ವಾಮಿ, ಅದನ್ನು ಕಟ್ಟುವ ಜಾಗ? ಹೊಟ್ಟೆ ಮುಂದೆ ಬಂದಂತೆಲ್ಲ ಪ್ಯಾಂಟು ಕೆಳಗೆ ಜಾರುತ್ತದೆ, ಬೆಲ್ಟಿನ ತೂತು ಮಾತ್ರ ಅದೇ. ಈ ತೂತು ತೋರಿಸಿ ವರ್ಷಗಟ್ಟಲೆ ಬೀಗಿದ ನನ್ನ ಗೆಳೆಯರೊಬ್ಬರು ಈಗ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದಾರೆ.

ಬಿಎಂಐ ಕೆಲಸಕ್ಕೆ ಬಾರದ್ದೆಂದು ನಾನು ಹೇಳುವುದಿಲ್ಲ. ಲಕ್ಷಾಂತರ ಜನರ ಸಮೀಕ್ಷೆಗೆ ಅದು ಅಗ್ಗ, ಸುಲಭ. ಆದರೆ ಆ ಲೆಕ್ಕಕ್ಕೆ ಮೂಲಪುರುಷನಾದ ಬೆಲ್ಜಿಯಂನ ಕೆಟ್ಲೆ ವೈದ್ಯನೇ ಅಲ್ಲ. 19ನೆಯ ಶತಮಾನದ ಖಗೋಳಜ್ಞ, ಸಂಖ್ಯಾಶಾಸ್ತ್ರಜ್ಞ. ಆತ ಹುಡುಕಿದ್ದು ‘ಸರಾಸರಿ ಮನುಷ್ಯ’ನನ್ನು. ನಿಮ್ಮ ಲಿವರ್ ಆತನ ಲೆಕ್ಕದಲ್ಲೇ ಇರಲಿಲ್ಲ.

ಕೊಬ್ಬು ಮೈಯಲ್ಲಿ ಎಲ್ಲಿ ಕೂತಿದೆ ಎಂಬುದೇ ಮುಖ್ಯವೆಂದು ಫ್ರಾನ್ಸಿನ ವೈದ್ಯ ಜ್ಯಾನ್ ವಾಗ್ 1947ರಲ್ಲೇ ಬರೆದಿದ್ದರು. ತೊಡೆ, ಪೃಷ್ಠಗಳಲ್ಲಿ ಚರ್ಮದಡಿ ಕೂತದ್ದು ಅಷ್ಟಾಗಿ ತಂಟೆ ಮಾಡದು. ಕರುಳಿನ ಸುತ್ತ, ಲಿವರ್ ಒಳಗೆ ಸೇರಿಕೊಂಡದ್ದೇ ಕಿಡಿಗೇಡಿ. ಅದು ಹೆಚ್ಚಾದಂತೆ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಮಾತು ನಡೆಯದಂತಾಗುತ್ತದೆ. ನಿಮ್ಮ ಭಾವ ಪಾರಾಗಿರುವುದು ಅವರ ಕೊಬ್ಬು ಚರ್ಮದಡಿಯಲ್ಲೇ ಕೂತಿರುವುದರಿಂದ ಇರಬಹುದು. 2004ರ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಯಾಜ್ಞಿಕ್ ಮತ್ತು ಯುಡ್ಕಿನ್ ಎಂಬ ಇಬ್ಬರು ಸಂಶೋಧಕರು ತಮ್ಮದೇ ಫೋಟೋ ಅಚ್ಚು ಹಾಕಿಸಿದರು. ಇಬ್ಬರದೂ ಬಿಎಂಐ 22.3. ದೇಹದ ಕೊಬ್ಬು ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2! ನಾನು ಈ ವಿಷಯ ಎತ್ತಿದರೆ ನಮ್ಮ ಕಚೇರಿಯವರು ಎದ್ದು ಹೋಗುತ್ತಾರೆ, ನೀವಾದರೂ ಕೇಳಿ.

ಟೇಪು ತನ್ನಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಸುತ್ತಿ, ಉಸಿರು ಬಿಟ್ಟು ಅಳೆಯಿರಿ. ಹೊಟ್ಟೆ ಒಳಗೆಳೆದುಕೊಳ್ಳುವ ಹಾಗಿಲ್ಲ. ಎತ್ತರದ ಅರ್ಧಕ್ಕಿಂತ, ಅಂದರೆ ನಿಮಗೆ 84 ಸೆಂ.ಮೀ.ಗಿಂತ, ಕಡಿಮೆ ಇರಬೇಕು. ಕುಡಿತದ ವಿಷಯ ನೀವು ಬರೆದಿಲ್ಲ. ವೈದ್ಯರ ಹತ್ತಿರ ಮುಚ್ಚಿಡಬೇಡಿ. ಸಕ್ಕರೆ, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) ಪರೀಕ್ಷೆಯನ್ನೂ ಮಾಡಿಸಿ. ದಿನಾ ಬಿರುಸಾಗಿ ನಡೆದರೆ ತೂಕ ಇಳಿಯದಿದ್ದರೂ ಒಳಗಿನ ಕೊಬ್ಬು ಕರಗುತ್ತದೆ.

ನಿಮ್ಮೊಬ್ಬರನ್ನೇ ಅಂದು ಏನು ಬಂತು? ದಪ್ಪಗಿರುವವರು ಗಂಟಲುನೋವೆಂದು ಹೋದರೂ ತೂಕ ಇಳಿಸಿ ಅನ್ನುತ್ತಾರೆ, ತೆಳ್ಳಗಿರುವವರ ಹೊಟ್ಟೆಗೆ ಟೇಪು ಸುತ್ತುವವರಿಲ್ಲ. ಎಲ್ಲರಿಗೂ ಎಲ್ಲವೂ ಒಂದೇ ಅಂಕಿಯಲ್ಲಿ ಬೇಕು. ಹುಡುಗ ಹೇಗೆ ಅಂದರೆ ಅಂಕಪಟ್ಟಿ, ಪತ್ರಿಕೆ ಹೇಗೆ ಅಂದರೆ ಪ್ರಸಾರ ಸಂಖ್ಯೆ. ನಮ್ಮ ಮಾಲೀಕರು ಒಳಗೆ ಏನು ಅಚ್ಚಾಗಿದೆಯೆಂದು ತೆರೆದು ನೋಡಿದ್ದನ್ನು ನಾನಂತೂ ಕಂಡಿಲ್ಲ.