ಈಡಿಯಂನ ಅರ್ಥ ಬರುತ್ತದೆ, ವಾಕ್ಯ ಬರುವುದಿಲ್ಲ

ಪ್ರಶ್ನೆ: ಕನ್ನಡ ಮಾಧ್ಯಮದ 9ನೇ ತರಗತಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ದಿನಕ್ಕೆ ಐದು ಈಡಿಯಂ (ನುಡಿಗಟ್ಟು) ಬೋರ್ಡಿನ ಮೇಲೆ ಬರೆದು ಕನ್ನಡದಲ್ಲಿ ಅರ್ಥ ಹೇಳುತ್ತೇನೆ. ಮಕ್ಕಳು ಅರ್ಥವನ್ನು ಪಟಪಟನೆ ಒಪ್ಪಿಸುತ್ತಾರೆ. ಸ್ವಂತ ವಾಕ್ಯ ಬರೆಯಿರಿ ಎಂದರೆ ಮಾತ್ರ 'ಐ ಆ್ಯಮ್ ಪೀಸ್ ಆಫ್ ಕೇಕ್ ಇನ್ ಮ್ಯಾಥ್ಸ್' ಎಂಬಂಥವು ಬರುತ್ತವೆ. ಏನು ಮಾಡಲಿ?
- ಪ್ರೌಢಶಾಲಾ ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಆ ವಾಕ್ಯ ಬರೆದ ಮಗುವಿಗೆ 'ತುಂಬಾ ಸುಲಭ' ಎಂಬ ಅರ್ಥ ಗೊತ್ತಿದೆ. ಗೊತ್ತಿಲ್ಲದ್ದು, ಯಾವುದನ್ನು ಹಾಗೆ ಕರೆಯಬಹುದು ಎಂಬುದು. ಪರೀಕ್ಷೆ, ಲೆಕ್ಕ, ಕೆಲಸ 'ಎ ಪೀಸ್ ಆಫ್ ಕೇಕ್' ಆಗಬಹುದು, ಮನುಷ್ಯರು ಆಗುವುದಿಲ್ಲ. ಮುಂದಿರುವ 'ಎ' ಬಿಡುವಂತಿಲ್ಲ. ಆದ್ದರಿಂದ ಪ್ರತಿ ಈಡಿಯಂ ಜೊತೆ ಮೂರು ಸಂಗತಿ ಬರೆಸಿ: ಯಾರ ಬಗ್ಗೆ ಅಥವಾ ಯಾವುದರ ಬಗ್ಗೆ ಹೇಳುತ್ತಾರೆ, ಯಾವ ಪದ ಬದಲಾಗುತ್ತದೆ, ಯಾವುದು ಕದಲುವುದಿಲ್ಲ. 'ಮೇಕ್ ಅಪ್ ಒನ್ಸ್ ಮೈಂಡ್' (ನಿರ್ಧಾರ ಮಾಡುವುದು) ತೆಗೆದುಕೊಳ್ಳಿ. 'ಮೇಕ್' ಕಾಲಕ್ಕೆ ತಕ್ಕಂತೆ 'ಮೇಡ್' ಆಗುತ್ತದೆ, 'ಒನ್ಸ್' ಇರುವಲ್ಲಿ ಕರ್ತೃವಿಗೆ ಹೊಂದುವ 'ಮೈ', 'ಹರ್' ಬರುತ್ತದೆ. ಇಷ್ಟು ಹೇಳಿಕೊಡದಿದ್ದರೆ 'ಶೀ ಮೇಡ್ ಅಪ್ ಒನ್ಸ್ ಮೈಂಡ್' ಎಂದೇ ಬರೆಯುತ್ತಾರೆ.

ದಿನಕ್ಕೆ ಐದು ಬೇಡ, ವಾರಕ್ಕೆ ನಾಲ್ಕು ಸಾಕು. ಮೊದಲು ಅರ್ಥ ಹೇಳಬೇಡಿ. ನಾಲ್ಕು ಸಾಲಿನ ಸಂಭಾಷಣೆ ಓದಿ, ಮಕ್ಕಳೇ ಊಹಿಸಲಿ. ಉದಾಹರಣೆಗೆ, ರವಿ ಇವತ್ತು ಆಟಕ್ಕೆ ಬಂದಿಲ್ಲ, ನೆಗಡಿ, 'ಹೀ ಈಸ್ ಫೀಲಿಂಗ್ ಅಂಡರ್ ದ ವೆದರ್', ನಾಳೆ ಬರುತ್ತಾನೆ. ನೆಗಡಿ ಮತ್ತು ನಾಳೆ, ಈ ಎರಡು ಸುಳಿವಿನಿಂದಲೇ ಇದು ಸಣ್ಣಪುಟ್ಟ ಅನಾರೋಗ್ಯದ ಮಾತು ಎಂದು ಗೊತ್ತಾಗುತ್ತದೆ. ಬರೀ 'ಹುಷಾರಿಲ್ಲ' ಎಂದು ಬರೆಸಿದರೆ ಐಸಿಯುನಲ್ಲಿರುವವರಿಗೂ ಅದನ್ನೇ ಹಚ್ಚುತ್ತಾರೆ.

'ಕ್ಯಾಟ್' ಇರುವ ನಾಲ್ಕು, 'ಬ್ರೇಕ್' ಇರುವ ನಾಲ್ಕು ಎಂದು ಗುಂಪು ಮಾಡಬೇಡಿ. ಒಂದರ ಅರ್ಥ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಹುಟ್ಟಿದ ಜಾಗದ ಪ್ರಕಾರ ಗುಂಪು ಮಾಡಿ. ನಿಮ್ಮ ಮಕ್ಕಳಿಗೆ ಕ್ರಿಕೆಟ್‌ಗಿಂತ ಒಳ್ಳೆಯ ಆರಂಭವಿಲ್ಲ. ಪಿಚ್‌ಗೆ ಹೊದಿಕೆ ಹಾಕದ ಕಾಲದಲ್ಲಿ, ಮಳೆಯಲ್ಲಿ ನೆನೆದು ಬಿಸಿಲಿಗೆ ಒಣಗುತ್ತಿದ್ದ ಪಿಚ್‌ನಲ್ಲಿ ಚೆಂಡು ಒಮ್ಮೆ ಎದೆಮಟ್ಟ ಏಳುತ್ತಿತ್ತು, ಒಮ್ಮೆ ನೆಲಕ್ಕೇ ಅಂಟುತ್ತಿತ್ತು. ಬ್ಯಾಟರ್‌ನ ಪಾಡು ಹೇಳತೀರದು. ಅದೇ 'ಆನ್ ಎ ಸ್ಟಿಕಿ ವಿಕೆಟ್', ಇಕ್ಕಟ್ಟಿನಲ್ಲಿ ಸಿಕ್ಕಿಬೀಳುವುದು. 'ಆಫ್ ಯುವರ್ ಓನ್ ಬ್ಯಾಟ್' ಎಂದರೆ ಯಾರೂ ಹೇಳದೆ ತಾನಾಗಿಯೇ ಮಾಡುವುದು. ಹೀಗೆ ಮೂಲ ತಿಳಿದ ಈಡಿಯಂ ಚೆನ್ನಾಗಿ ನೆನಪಿರುತ್ತದೆ ಎಂದು ಭಾಷಾ ಸಂಶೋಧಕ ಫ್ರಾಂಕ್ ಬೋರ್ಸ್ ಮತ್ತು ಸಂಗಡಿಗರ ಅಧ್ಯಯನಗಳು ತೋರಿಸಿವೆ. ಈ ಎರಡು ಕ್ರಿಕೆಟ್ ಈಡಿಯಂಗಳು ಬ್ರಿಟಿಷ್ ಬಳಕೆ, ಅಮೆರಿಕದವರ ಬಾಯಲ್ಲಿ ಕೇಳಿಸುವುದು ಕಡಿಮೆ ಎಂಬುದನ್ನೂ ಹೇಳಿಬಿಡಿ. ಆದರೆ ಮೂಲ ಖಚಿತವಿಲ್ಲದ ಕಡೆ ಕಥೆ ಕಟ್ಟಬೇಡಿ. 'ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್' (ಜೋರು ಮಳೆ) ಬಗ್ಗೆ, ಮಳೆಗೆ ಹುಲ್ಲಿನ ಛಾವಣಿಯಿಂದ ಬೆಕ್ಕು ನಾಯಿಗಳು ಜಾರಿ ಬೀಳುತ್ತಿದ್ದವು ಎಂದು ಓಡಾಡುವ ಕಥೆಗೆ ಆಧಾರವಿಲ್ಲ.

ಕನ್ನಡವನ್ನು ಧಾರಾಳವಾಗಿ ಬಳಸಿ. 'ಮೊಸಳೆ ಕಣ್ಣೀರು', 'ಒಂದೇ ಕಲ್ಲಿಗೆ ಎರಡು ಹಕ್ಕಿ' ಎರಡೂ ಭಾಷೆಯಲ್ಲಿ ಒಂದೇ, ಐದು ನಿಮಿಷದ ಕೆಲಸ. 'ಗಾಯದ ಮೇಲೆ ಬರೆ' ಎಂದರೆ 'ಆ್ಯಡ್ ಇನ್‌ಸಲ್ಟ್ ಟು ಇಂಜುರಿ' ಹೊಳೆಯುತ್ತದೆ. ಕಷ್ಟ ಬರುವುದು 'ಕಾಲೆಳೆ'ಯುವ ಕಡೆ. ನಮ್ಮಲ್ಲಿ ಮುಂದೆ ಹೋಗುವವನನ್ನು ಹಿಂದಕ್ಕೆ ಜಗ್ಗುವುದಕ್ಕೂ ಅದೇ ಮಾತು. ಇಂಗ್ಲಿಷಿನ 'ಪುಲ್ ಸಮ್‌ವನ್ಸ್ ಲೆಗ್' ತಮಾಷೆಗೆ ಸುಳ್ಳು ಹೇಳಿ ನಂಬಿಸುವುದಕ್ಕೆ ಮಾತ್ರ. ಇಂಥವಕ್ಕೆ ಒಂದಿಡೀ ಪೀರಿಯಡ್ ಕೊಡಿ.

ಕಲಿಸಿದ್ದನ್ನು ಮರುದಿನ, ಮೂರನೇ ದಿನ, ವಾರದ ನಂತರ, ತಿಂಗಳ ನಂತರ ಮತ್ತೆ ಕೇಳಿ. ಟೆಸ್ಟ್‌ನಲ್ಲಿ ಅರ್ಥ ಕೇಳುವ ಬದಲು ನಾಲ್ಕು ವಾಕ್ಯ ಕೊಟ್ಟು ತಪ್ಪಾಗಿ ಬಳಸಿದ್ದನ್ನು ಹುಡುಕಿ, ಕಾರಣ ಬರೆಯಿರಿ ಎನ್ನಿ. ಕಾರಣ ಕನ್ನಡದಲ್ಲಿದ್ದರೂ ಪೂರ್ತಿ ಅಂಕ ಕೊಡಿ.

ಪ್ರಶ್ನೆ: ಇಂಟರ್‌ವ್ಯೂನಲ್ಲಿ ಈಡಿಯಂ ಬಳಸಿದರೆ ಇಂಗ್ಲಿಷ್ ಚೆನ್ನಾಗಿದೆ ಅಂದುಕೊಳ್ಳುತ್ತಾರಾ?
- ಬಿ.ಕಾಂ. ವಿದ್ಯಾರ್ಥಿ, ತುಮಕೂರು

ಉತ್ತರ: ತುರುಕಿದರೆ ಎದ್ದು ಕಾಣುತ್ತದೆ. ಮೊದಲು ಕೇಳಿದಾಗ ಅರ್ಥವಾಗುವಷ್ಟು ಕಲಿಯಿರಿ: 'ಆನ್ ದ ಸೇಮ್ ಪೇಜ್' (ಒಂದೇ ಅಭಿಪ್ರಾಯದಲ್ಲಿರುವುದು), 'ಬ್ಯಾಕ್ ಟು ಸ್ಕ್ವೇರ್ ಒನ್' (ಮತ್ತೆ ಮೊದಲಿನಿಂದ ಶುರು), 'ಟಚ್ ಬೇಸ್' (ಸಂಪರ್ಕಿಸಿ ಮಾತಾಡುವುದು) ಆಫೀಸುಗಳಲ್ಲಿ ಆಗಾಗ ಬರುತ್ತವೆ. ಸತ್ತರು ಎನ್ನಲು 'ಕಿಕ್ ದ ಬಕೆಟ್' ಎಂದು ಬರೆಯಲೇಬೇಡಿ, ಅದು ಹಗುರವಾದ ಮಾತು. 'ಪಾಸ್ಡ್ ಅವೇ' ಎಂದರೆ ಮರ್ಯಾದೆ ಉಳಿಯುತ್ತದೆ.