ಬೇಸಿಗೆಗೆ ರೇಂಜರ್ ಆಗಬಹುದಾ ಎಂದು ಕೇಳಿದ ತಂಗಿಗೆ

ತಂಗಿ, ನಿನ್ನ ಪತ್ರ ಓದಿದೆ. ಪರಿಸರ ವಿಜ್ಞಾನದಲ್ಲಿ ಎಂ.ಎಸ್. ಮಾಡಲು ಕಳೆದ ಆಗಸ್ಟ್‌ನಲ್ಲಿ ಅಮೆರಿಕಕ್ಕೆ ಬಂದಿದ್ದೀಯ. ಗೆಳತಿಯರ ಜೊತೆ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದಾಗ, ಅಗಲ ಅಂಚಿನ ಹ್ಯಾಟ್ ಹಾಕಿಕೊಂಡು ಮಕ್ಕಳನ್ನು ಸುತ್ತ ಕೂರಿಸಿಕೊಂಡು ಮಾತಾಡುತ್ತಿದ್ದ ರೇಂಜರ್ ಒಬ್ಬಳನ್ನು ನೋಡಿದೆ. ಅಂದಿನಿಂದ ಅದೇ ತಲೆಯಲ್ಲಿ. ಬರುವ ಬೇಸಿಗೆಯಲ್ಲಿ ನನಗೂ ಆ ಕೆಲಸ ಸಿಗುತ್ತಾ, ಸಂಬಳ ಎಷ್ಟು, ಇರುವುದೆಲ್ಲಿ, ಹುಡುಗಿ ಒಬ್ಬಳೇ ಇರಬಹುದಾ, ಮನೆಯಲ್ಲಿ ಏನು ಹೇಳಲಿ ಎಂದೆಲ್ಲ ಕೇಳಿದ್ದೀಯ. ನಾನು ಮೊಂಟಾನಾದ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರ್. ಬೇಸಿಗೆ ರಜೆ ಬಂದರೆ ಅದೇ ಪಾರ್ಕಿನಲ್ಲಿ ಸೀಸನಲ್ ರೇಂಜರ್, ಅಂದರೆ ಆ ಕೆಲವು ತಿಂಗಳಿಗಷ್ಟೇ ನೇಮಕವಾಗುವ ಪಾರ್ಕ್ ಸಿಬ್ಬಂದಿ. ಹಾಗಾಗಿ ನನಗೆ ಗೊತ್ತಿರುವುದನ್ನು ಗೊತ್ತಿರುವ ಹಾಗೆ ಹೇಳುತ್ತೇನೆ.

ಕಹಿ ಮಾತು ಮೊದಲು. ಬರುವ ಬೇಸಿಗೆಗೆ ಆ ಹ್ಯಾಟ್ ನಿನಗೆ ಸಿಗುವುದಿಲ್ಲ. ನ್ಯಾಷನಲ್ ಪಾರ್ಕ್ ಸರ್ವಿಸ್ ಇಲ್ಲಿನ ಕೇಂದ್ರ ಸರ್ಕಾರದ ಸಂಸ್ಥೆ. ಅಲ್ಲಿ ಸಂಬಳಕ್ಕೆ ಸೇರಬೇಕಾದರೆ, ಅದು ನಾಲ್ಕು ತಿಂಗಳ ಕೆಲಸವೇ ಆಗಲಿ, ಅಮೆರಿಕದ ಪೌರತ್ವ ಬೇಕು. ನಿನ್ನ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಆಗುವುದಿಲ್ಲ. ಮುಂದೆ ಎಚ್-1ಬಿ ಎಂಬ ಕೆಲಸದ ವೀಸಾ ಸಿಕ್ಕರೂ ಆಗುವುದಿಲ್ಲ, ಗ್ರೀನ್ ಕಾರ್ಡ್ ಬಂದರೂ ಆಗುವುದಿಲ್ಲ. ಗ್ರೀನ್ ಕಾರ್ಡ್ ಕೈಗೆ ಬಂದು ಸಾಮಾನ್ಯವಾಗಿ 5 ವರ್ಷ ಕಳೆದ ಮೇಲೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಭಾರತದಲ್ಲಿ ಹುಟ್ಟಿದವರಿಗೆ ಕೆಲಸದ ಮೂಲಕ ಆ ಕಾರ್ಡ್ ಸಿಗುವ ಸಾಲು ಎಷ್ಟು ಉದ್ದ ಎಂದು ನಿನ್ನ ಸೀನಿಯರ್‌ಗಳು ಹೇಳಿಯೇ ಇರುತ್ತಾರೆ. ಇನ್ನೊಂದು ಮಾತು. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಭಾರತದ ಪಾಸ್‌ಪೋರ್ಟ್ ಬಿಟ್ಟುಕೊಡಬೇಕು, ಬೇಕಾದರೆ ಸಾಗರೋತ್ತರ ಭಾರತೀಯರಿಗೆ ಕೊಡುವ ಓಸಿಐ ಕಾರ್ಡ್ ತೆಗೆದುಕೊಳ್ಳಬಹುದು. ನನಗೆ ಅದು ಸುಲಭದ ತೀರ್ಮಾನ ಆಗಿರಲಿಲ್ಲ. ಬರೀ ಒಂದು ಬೇಸಿಗೆ ಕೆಲಸದ ಆಸೆಗೆ ಯಾರೂ ಆ ತೀರ್ಮಾನ ಮಾಡಬಾರದು.

ಇಷ್ಟಕ್ಕೇ ಪತ್ರ ಮಡಚಿಡಬೇಡ. ಕೆಲಸಕ್ಕೆ ಪೌರತ್ವ ಬೇಕು, ತಯಾರಿಗೆ ಬೇಡ. ತಯಾರಿಯೇ ಎಷ್ಟೋ ಸಂತೋಷ ಕೊಡುತ್ತದೆ. ಆದರೆ ಯಾವುದಕ್ಕೆ ತಯಾರಾಗುತ್ತಿದ್ದೀಯ ಎನ್ನುವುದು ಮೊದಲು ಗೊತ್ತಿರಬೇಕು ಅಲ್ವಾ?

ರೇಂಜರ್ ಎಂದರೆ ಎಲ್ಲರದ್ದೂ ಒಂದೇ ಕೆಲಸ ಅಲ್ಲ. ಗೇಟಿನಲ್ಲಿ ಶುಲ್ಕ ತೆಗೆದುಕೊಳ್ಳುವವರು ಬೇರೆ. ಬಂದೂಕು ಕಟ್ಟಿಕೊಂಡು ಕಾನೂನು ನೋಡಿಕೊಳ್ಳುವವರು ಬೇರೆ, ಅವರಿಗೆ ತಿಂಗಳುಗಟ್ಟಲೆ ತರಬೇತಿ ಇರುತ್ತದೆ. ದೂರದ ಕಾಡುಹಾದಿಗಳಲ್ಲಿ ನಡೆಯುತ್ತಲೇ ಇರುವವರು ಬೇರೆ. ನೀನು ನೋಡಿದ್ದು ಇಂಟರ್‌ಪ್ರಿಟೇಷನ್, ಅಂದರೆ ಪಾರ್ಕಿನ ಬಗ್ಗೆ ಜನರಿಗೆ ವಿವರಿಸಿ ಹೇಳುವ ವಿಭಾಗದವಳನ್ನು. ನಾನೂ ಅದೇ ವಿಭಾಗ. ನಮ್ಮ ಕೆಲಸ ಜನರ ಜೊತೆ. ಬೆಳಿಗ್ಗೆಯಿಂದ ಸಂಜೆವರೆಗೆ ಜನ, ಜನ, ಜನ. ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು ಮಂದಿ ಬರುವ ಜಾಗ ಅದು, ಬಹುಪಾಲು ಬೇಸಿಗೆಯಲ್ಲೇ. ಕಾಡಿನ ಮೌನ ಬೇಕು, ಒಬ್ಬಳೇ ಇರಬೇಕು ಎಂದು ಈ ಕೆಲಸಕ್ಕೆ ಬಂದವರು ಬೇಗ ಬೇಸತ್ತು ಹೋಗುವುದನ್ನು ನೋಡಿದ್ದೇನೆ. ಶೌಚಾಲಯ ಎಲ್ಲಿ ಎಂದು ದಿನದ ಐವತ್ತನೆಯವರು ಕೇಳಿದಾಗಲೂ ಮೊದಲನೆಯವರಿಗೆ ಹೇಳಿದಷ್ಟೇ ಪ್ರೀತಿಯಿಂದ ಹೇಳಬೇಕು. ಅದು ಬಾರದಿದ್ದರೆ ಉಳಿದದ್ದೆಲ್ಲ ಗೊತ್ತಿದ್ದರೂ ಪ್ರಯೋಜನ ಇಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಓಲ್ಡ್ ಫೇತ್‌ಫುಲ್ ಬಿಸಿನೀರಿನ ಚಿಲುಮೆ ನೋಡಿದ್ದೀಯಲ್ಲ, ಅದು ಮುಂದೆ ಎಷ್ಟು ಹೊತ್ತಿಗೆ ಚಿಮ್ಮುತ್ತದೆ ಎಂದು ವಿಸಿಟರ್ ಸೆಂಟರ್‌ನಲ್ಲಿ ಬರೆದಿರುತ್ತಾರೆ. ಆ ಹೊತ್ತು ಎಲ್ಲಿಂದ ಬಂತು? ಚಿಮ್ಮುವ ಮುಂಚೆ ಅದು ಸ್ವಲ್ಪ ಸ್ವಲ್ಪ ನೀರು ಎರಚಿ ಸುಮ್ಮನಾಗುತ್ತದೆ. ಅದು ಲೆಕ್ಕಕ್ಕಿಲ್ಲ. ನೀರು ನಿಲ್ಲದೆ ಮೇಲೇರಲು ಶುರುವಾದ ಕ್ಷಣ ಗಡಿಯಾರ ನೋಡಿಕೊಳ್ಳಬೇಕು, ಇಳಿದಾಗ ಮತ್ತೆ ನೋಡಬೇಕು. ಎರಡೂವರೆ ನಿಮಿಷಕ್ಕಿಂತ ಕಡಿಮೆ ಚಿಮ್ಮಿದರೆ ಮುಂದಿನದ್ದು ಸುಮಾರು ಒಂದು ಗಂಟೆಗೆ. ಅದಕ್ಕಿಂತ ಜಾಸ್ತಿ ಚಿಮ್ಮಿದರೆ ಸುಮಾರು ಒಂದೂವರೆ ಗಂಟೆಗೆ. ಜಾಸ್ತಿ ಹೊತ್ತು ಚಿಮ್ಮಿದಾಗ ಒಳಗಿನ ನೀರೂ ಶಾಖವೂ ಹೆಚ್ಚು ಖಾಲಿಯಾಗಿರುತ್ತದೆ, ಮತ್ತೆ ತುಂಬಿ ಕಾಯಲು ಹೊತ್ತು ಹಿಡಿಯುತ್ತದೆ. ಅಷ್ಟೇ ತತ್ವ. ಆದರೂ ಹತ್ತು ನಿಮಿಷ ಹಿಂದೆ ಮುಂದೆ ಆಗಬಹುದು ಎಂದೇ ಹೇಳುತ್ತೇವೆ. ಬೆಂಚಿನ ಮೇಲೆ ಕೂತ ಮಗು ಕೈಯಲ್ಲಿ ವಾಚ್ ಹಿಡಿದು ನನ್ನ ಜೊತೆ ಎಣಿಸುತ್ತದೆ. ಮುಂದಿನ ಹೊತ್ತು ಎಷ್ಟು ಎಂದು ಅದೇ ಲೆಕ್ಕ ಹಾಕುತ್ತದೆ. ಆ ಮಗುವಿಗೆ ನಾನು ಪಾಠ ಮಾಡಲಿಲ್ಲ, ಜೊತೆಗೆ ನಿಂತು ನೋಡಿದೆ, ಅಷ್ಟೇ. ತರಗತಿಯಲ್ಲಿ ಇಷ್ಟು ಚೆನ್ನಾಗಿ ಕಲಿಸುವುದು ನನಗೆ ಅಪರೂಪಕ್ಕೆ ಸಾಧ್ಯವಾಗುತ್ತದೆ.

ಕಟ್ಟುನಿಟ್ಟಾಗಿ ಇರಬೇಕಾದ ಹೊತ್ತೂ ಇದೆ. ಬೈಸನ್ ಎಂಬ ಇಲ್ಲಿನ ಕಾಡುಕೋಣದಂಥ ಪ್ರಾಣಿಯಿಂದ 23 ಮೀಟರ್ ದೂರ, ಕರಡಿ ಮತ್ತು ತೋಳದಿಂದ 91 ಮೀಟರ್ ದೂರ ಇರಬೇಕು ಎನ್ನುವುದು ಅಲ್ಲಿನ ನಿಯಮ. ಬೈಸನ್ ಮೇಯುತ್ತಾ ನಿಂತಿದ್ದರೆ ಸಾಧು ಪ್ರಾಣಿ ಅನಿಸುತ್ತದೆ. ಅದು ಮನುಷ್ಯನ ಮೂರು ಪಟ್ಟು ವೇಗದಲ್ಲಿ ಓಡಬಲ್ಲದು. ಫೋನ್ ಹಿಡಿದು ಹತ್ತಿರ ಹೋಗುತ್ತಿರುವ ಅಪ್ಪನನ್ನು ಅವನ ಮಕ್ಕಳ ಎದುರೇ ಗದರಿಸಿ ವಾಪಸ್ ಕರೆಯಬೇಕಾಗುತ್ತದೆ. ಹಲಗೆ ಹಾದಿ ಬಿಟ್ಟು ಬಿಸಿನೀರಿನ ಕೊಳದ ಕಡೆ ಕಾಲಿಡುವವರನ್ನೂ ಹಾಗೆಯೇ. ಅಲ್ಲಿ ನೆಲದ ಮೇಲ್ಪದರ ತೆಳು, ಕೆಳಗೆ ಕುದಿಯುವ ನೀರು. ಆ ನೀರಿಗೆ ಬಿದ್ದು, ಇಳಿದು ಇದುವರೆಗೆ 20ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ನಮ್ಮ ಹುಡುಗಿಯರಿಗೆ ಅಪರಿಚಿತರ ಮೇಲೆ ದನಿ ಎತ್ತುವ ಅಭ್ಯಾಸ ಕಡಿಮೆ. ಅದನ್ನು ಕಲಿಯಬೇಕು. ಒಂದು ಸಲ ಬಂದರೆ ಬದುಕಿನ ಬೇರೆ ಕಡೆಯೂ ಉಪಯೋಗಕ್ಕೆ ಬರುತ್ತದೆ.

ನನಗೆ ಈ ಕೆಲಸ ಯಾಕೆ ಇಷ್ಟು ಇಷ್ಟ ಎಂದು ನೀನು ಕೇಳಿಲ್ಲ. ಆದರೂ ಹೇಳುತ್ತೇನೆ. ಈ ದೇಶಕ್ಕೆ ಬಂದ ಮೇಲೆ ನಾವು ಬಹಳ ವರ್ಷ ನೆಂಟರ ಹಾಗೆ ಬದುಕುತ್ತೇವೆ. ಕಾಗದ ಸರಿ ಇದೆಯಾ, ಉಚ್ಚಾರ ಸರಿ ಇದೆಯಾ, ಇಲ್ಲಿ ನಿಲ್ಲಬಹುದಾ ಎಂದು ನೋಡುತ್ತಲೇ ಇರುತ್ತೇವೆ. ಆ ಹಸಿರು ಪ್ಯಾಂಟು, ಬೂದು ಅಂಗಿ ಹಾಕಿಕೊಂಡು ನಿಂತಾಗ ಮಾತ್ರ ದಾರಿ ಕೇಳುವವರು ಅವರು, ಹೇಳುವವಳು ನಾನು. ಬನ್ನಿ ಎಂದು ಕರೆಯುವವಳೂ ನಾನೇ. ಪಾರ್ಕ್ ಎಂದು ಘೋಷಣೆ ಆದದ್ದು 1872ರಲ್ಲಿ. ಅದಕ್ಕೂ ಸಾವಿರಾರು ವರ್ಷ ಮುಂಚಿನಿಂದ ಅಲ್ಲಿ ಜನ ಇದ್ದರು. ಇಂದಿಗೂ 27 ಮೂಲನಿವಾಸಿ ಬುಡಕಟ್ಟುಗಳಿಗೆ ಆ ನೆಲದ ಜೊತೆ ನಂಟಿದೆ. ಇದನ್ನು ಜನರ ಮುಂದೆ ನಿಂತು ಹೇಳುವಾಗ, ನಾನು ತಡವಾಗಿ ಬಂದವಳು ಎಂಬ ಸಂಕೋಚ ನನಗೆ ಬರುವುದಿಲ್ಲ. ಬೇಸಿಗೆಯಲ್ಲಿ ಮಗಳ ಮನೆಗೋ ಮಗನ ಮನೆಗೋ ಬಂದ ನಮ್ಮ ಕಡೆಯ ಅಜ್ಜಿ ತಾತಂದಿರೂ ಬರುತ್ತಾರೆ. ನನ್ನ ಎದೆ ಮೇಲಿನ ಹೆಸರು ಓದಿ, ತುಸು ಅನುಮಾನದಿಂದ, "ಕನ್ನಡದವ್ರಾ?" ಎನ್ನುತ್ತಾರೆ. ಆಮೇಲೆ ಮಕ್ಕಳು ಕಾರ್ ಹತ್ತಿರ ಕಾದರೂ ಅವರು ಕದಲುವುದಿಲ್ಲ. ಎಲ್ಲಾ ಕನ್ನಡದಲ್ಲೇ ಹೇಳಿಸಿಕೊಂಡು ಹೋಗುತ್ತಾರೆ.

ಇನ್ನು ಇರುವ ವಿಷಯ. ಪಾರ್ಕಿನ ಒಳಗೆ ಸಿಬ್ಬಂದಿಗೆ ಮನೆ ಕೊಡುತ್ತಾರೆ, ಬಾಡಿಗೆ ಸಂಬಳದಲ್ಲಿ ಹಿಡಿದುಕೊಳ್ಳುತ್ತಾರೆ. ಹಂಚಿಕೊಂಡು ಇರಬೇಕು, ಅಡುಗೆಮನೆ ಎಲ್ಲರದ್ದೂ. ಫೋನ್ ಸಿಗ್ನಲ್ ನಂಬಬೇಡ. ಓಲ್ಡ್ ಫೇತ್‌ಫುಲ್‌ನಿಂದ ಹತ್ತಿರದ ಊರು ವೆಸ್ಟ್ ಯೆಲ್ಲೋಸ್ಟೋನ್, ಸುಮಾರು 30 ಮೈಲಿ. ದೊಡ್ಡ ಅಂಗಡಿ ಬೇಕೆಂದರೆ ಅಲ್ಲಿಂದ ಇನ್ನೂ 90 ಮೈಲಿ ಆಚೆ ಬೋಜ್‌ಮನ್. ಬೇಳೆ, ಹುಣಸೆಹಣ್ಣು, ಸಾರಿನ ಪುಡಿ ಎಲ್ಲಾ ಸೀಸನ್‌ಗೆ ಆಗುವಷ್ಟು ಮೊದಲೇ ಒಯ್ಯಬೇಕು. ಕುಕ್ಕರ್ ಮರೆಯಬೇಡ. ಆ ಜಾಗ ಸಮುದ್ರಮಟ್ಟದಿಂದ 2,200 ಮೀಟರ್‌ಗೂ ಎತ್ತರ, ನೀರು 93 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಲು ತುಂಬಾ ಹೊತ್ತು ಹಿಡಿಯುತ್ತದೆ. ಜೂನ್‌ನಲ್ಲೂ ಹಿಮ ಬೀಳಬಹುದು, ಸ್ವೆಟರ್ ಇರಲಿ. ರಜೆ ಶನಿವಾರ ಭಾನುವಾರ ಸಿಗುತ್ತದೆ ಎಂದುಕೊಳ್ಳಬೇಡ. ಆ ಎರಡು ದಿನವೇ ಜನ ಜಾಸ್ತಿ.

ಒಬ್ಬಳೇ ಹುಡುಗಿ ಎಂಬ ಪ್ರಶ್ನೆಗೆ: ಕರಡಿ ಮೇಲೆ ಬಂದರೆ ಎರಚುವ ಖಾರದ ಸ್ಪ್ರೇ ಸೊಂಟದಲ್ಲಿರಬೇಕು, ಬ್ಯಾಗಿನೊಳಗಲ್ಲ. ತಿನ್ನುವ ವಸ್ತು ಹೊರಗೆ ಬಿಡಬಾರದು. ಕಾಡುಹಾದಿಗೆ ಒಬ್ಬಳೇ ಹೋಗಬಾರದು, ಎಲ್ಲಿಗೆ ಹೋಗುತ್ತಿದ್ದೀಯ ಎಂದು ಜೊತೆಯವರಿಗೆ ಹೇಳಿ ಹೋಗಬೇಕು. ಮನುಷ್ಯರ ವಿಷಯದಲ್ಲಿ ಹೇಳುವುದಾದರೆ, ಚಿಕ್ಕ ಜಾಗದಲ್ಲಿ ಎಲ್ಲರೂ ಒಟ್ಟಿಗೆ ಕೆಲಸ, ಒಟ್ಟಿಗೆ ವಾಸ. ಯಾರಾದರೂ ಮಿತಿ ಮೀರಿದರೆ ಸಹಿಸಿಕೊಂಡು ಸೀಸನ್ ಮುಗಿಯಲಿ ಎಂದು ಕಾಯಬೇಡ. ದಿನಾಂಕ ಹಾಕಿ ಬರೆದು ಮೇಲಿನವರಿಗೆ ಕೊಡು. ನನ್ನ ಅನುಭವದಲ್ಲಿ ಒಳ್ಳೆಯವರೇ ಜಾಸ್ತಿ. ಆದರೂ ಇದು ಗೊತ್ತಿರಲಿ.

ದುಡ್ಡು. ಕೇಂದ್ರ ಸರ್ಕಾರದ ವೇತನ ಶ್ರೇಣಿಯಲ್ಲಿ ಜಿಎಸ್-5 ಎಂಬ ದರ್ಜೆಗೆ ಗಂಟೆಗೆ ಸುಮಾರು 19 ಡಾಲರ್. ವಾರಕ್ಕೆ 40 ಗಂಟೆಯಂತೆ 16 ವಾರ ಮಾಡಿದರೆ 12,000 ಡಾಲರ್ ಚಿಲ್ಲರೆ, ಅದರಲ್ಲಿ ತೆರಿಗೆ, ಬಾಡಿಗೆ ಹೋಗುತ್ತದೆ. ಒಂದು ಸೇವಾ ವರ್ಷದಲ್ಲಿ ಒಂದೇ ಕಡೆ 1,039 ಗಂಟೆ ಮೀರದ ಹಾಗೆ ಕೆಲಸ ಕೊಡುತ್ತಾರೆ, ಅಂದರೆ ಆರು ತಿಂಗಳಿಗೂ ಕಡಿಮೆ. ಇದನ್ನೇ ನಂಬಿದವರು ಚಳಿಗಾಲಕ್ಕೆ ಡೆತ್ ವ್ಯಾಲಿ, ಎವರ್‌ಗ್ಲೇಡ್ಸ್‌ನಂಥ ಬೆಚ್ಚಗಿನ ಕಡೆಯ ಪಾರ್ಕುಗಳಿಗೆ ಗಂಟುಮೂಟೆ ಕಟ್ಟುತ್ತಾರೆ, ಇಲ್ಲವೇ ಸ್ಕೀ ರೆಸಾರ್ಟ್‌ನಲ್ಲಿ ದುಡಿಯುತ್ತಾರೆ. ಭದ್ರತೆಯೂ ಇಲ್ಲ. 2025ರ ಆರಂಭದಲ್ಲಿ ಕೇಂದ್ರ ಸರ್ಕಾರ ನೇಮಕ ತಡೆಹಿಡಿದಾಗ ಸೀಸನ್ ಕೆಲಸಕ್ಕೆ ಕೊಟ್ಟಿದ್ದ ಆಫರ್‌ಗಳನ್ನೂ ವಾಪಸ್ ತೆಗೆದುಕೊಂಡರು. ಕೆಲವು ವಾರಗಳ ಮೇಲೆ ಮತ್ತೆ ಬಾಗಿಲು ತೆಗೆದರು. ಅಷ್ಟರಲ್ಲಿ ಎಷ್ಟೋ ಜನರ ಬಾಡಿಗೆ ಮನೆ, ಬೇರೆ ಕೆಲಸ ಎಲ್ಲ ಅಸ್ತವ್ಯಸ್ತವಾಗಿತ್ತು. ಊರಿನ ಬ್ಯಾಂಕಿನಲ್ಲಿ ಓದಿನ ಸಾಲ ಇದ್ದರೆ ಇಂಥ ಕೆಲಸವನ್ನು ನಂಬಿ ಕಂತಿನ ಲೆಕ್ಕ ಹಾಕಬೇಡ.

ಈಗ ನಿನ್ನ ಕೈಲಿರುವುದು. ಪಾರ್ಕುಗಳಲ್ಲಿ ಸ್ವಯಂಸೇವಕರ ಕಾರ್ಯಕ್ರಮ 1970ರಿಂದ ನಡೆಯುತ್ತಿದೆ. ನಿನ್ನ ಕಾಲೇಜಿಗೆ ಹತ್ತಿರದ ಪಾರ್ಕ್ ಯಾವುದಿದೆಯೋ ಅಲ್ಲಿನ ಸ್ವಯಂಸೇವಕರ ಉಸ್ತುವಾರಿ ನೋಡುವವರಿಗೆ ಬರೆದು, ನಿನ್ನ ವೀಸಾ ಯಾವುದು ಎಂದು ಮೊದಲ ಸಾಲಿನಲ್ಲೇ ಹೇಳಿ ಕೇಳು. ಅದಕ್ಕೂ ಮುಂಚೆ ಕಾಲೇಜಿನ ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸಿನಲ್ಲಿ ವಿಚಾರಿಸು. ಸಂಬಳದ್ದಾಗಲಿ ಪುಕ್ಕಟೆಯದ್ದಾಗಲಿ, ಅವರನ್ನು ಕೇಳದೆ ಯಾವುದಕ್ಕೂ ಸಹಿ ಹಾಕಬೇಡ. ವೀಸಾ ಕೆಟ್ಟರೆ ಹ್ಯಾಟು, ಡಿಗ್ರಿ ಎರಡೂ ಹೋಗುತ್ತವೆ. ರಾಜ್ಯದ, ಕೌಂಟಿಯ, ನಗರದ ಪಾರ್ಕುಗಳ ನಿಯಮ ಬೇರೆ. ಎಷ್ಟೋ ಕಡೆ ಪೌರತ್ವ ಕೇಳುವುದಿಲ್ಲ, ಕೆಲಸ ಮಾಡುವ ಅನುಮತಿ ಇದ್ದರೆ ಸಾಕು. ಸಿಪಿಟಿ, ಓಪಿಟಿ, ಅಂದರೆ ವಿದ್ಯಾರ್ಥಿ ವೀಸಾದಲ್ಲೇ ಓದಿಗೆ ಸಂಬಂಧಿಸಿದ ಕೆಲಸ ಮಾಡಲು ಸಿಗುವ ಅನುಮತಿಗಳ ಹೊತ್ತಿಗೆ, ನಿನ್ನ ಓದಿಗೆ ಹೊಂದುವ ಕೆಲಸ ಅಲ್ಲಿ ಹುಡುಕು. ಹಲವು ರಾಜ್ಯಗಳಲ್ಲಿ ಸ್ಥಳೀಯ ನಿಸರ್ಗದ ಬಗ್ಗೆ ಕಲಿಸುವ ಮಾಸ್ಟರ್ ನ್ಯಾಚುರಲಿಸ್ಟ್ ತರಬೇತಿ ಇದೆ, ಸೇರಿಕೋ. ಕಾಡಿನಲ್ಲಿ ಪ್ರಥಮ ಚಿಕಿತ್ಸೆ ಮಾಡುವ ಸರ್ಟಿಫಿಕೇಟ್ ಮಾಡಿಕೋ. ಯಾವ ವಿಷಯವೇ ಆಗಲಿ, ಮಕ್ಕಳ ಮುಂದೆ ಹತ್ತು ನಿಮಿಷ ಮಾತಾಡುವ ಅವಕಾಶ ಸಿಕ್ಕಿದರೆ ಬಿಡಬೇಡ.

ಇದ್ಯಾವುದೂ ದಂಡ ಅಲ್ಲ. ಮುಂದೊಂದು ದಿನ ನೀನು ಅರ್ಜಿ ಹಾಕುವಾಗ ಸಂಬಳವಿಲ್ಲದೆ ಮಾಡಿದ ಕೆಲಸವೂ ಅನುಭವ ಎಂದೇ ಲೆಕ್ಕಕ್ಕೆ ಬರುತ್ತದೆ. ಅರ್ಜಿ ಯುಎಸ್‌ಎ ಜಾಬ್ಸ್ ಎಂಬ ಸರ್ಕಾರಿ ತಾಣದಲ್ಲಿ. ಬೇಸಿಗೆಯ ಕೆಲಸಕ್ಕೆ ಅದರ ಹಿಂದಿನ ಚಳಿಗಾಲದಲ್ಲೇ, ಕೆಲವು ಸಲ ಅಕ್ಟೋಬರ್‌ನಿಂದಲೇ ಕರೆಯುತ್ತಾರೆ. ಇಷ್ಟು ಅರ್ಜಿ ಬಂದರೆ ಮುಚ್ಚುತ್ತೇವೆ ಎಂದು ಹಾಕಿರುವ ಕೆಲಸಗಳು ಒಂದೆರಡು ದಿನದಲ್ಲೇ ಮುಚ್ಚಿಹೋಗುತ್ತವೆ. ಸೇನೆಯಲ್ಲಿ ಇದ್ದವರಿಗೆ ಆದ್ಯತೆ ಇದೆ. ಭಾರತದ ಡಿಗ್ರಿ ತೋರಿಸುವುದಾದರೆ ಇಲ್ಲಿನ ಮಾನ್ಯ ಸಂಸ್ಥೆಯಿಂದ ಅದರ ಮೌಲ್ಯಮಾಪನ ಮಾಡಿಸಬೇಕು. ನಿನ್ನ ಎಂ.ಎಸ್. ಇಲ್ಲಿನದ್ದೇ ಆದ್ದರಿಂದ ಆ ತಲೆನೋವು ನಿನಗಿಲ್ಲ.

ಮನೆಯವರ ವಿಷಯ. ಕೆಲಸ ಸಿಕ್ಕಿತು ಎಂದಲ್ಲ, ವಾರಕ್ಕೊಂದು ದಿನ ಪಾರ್ಕಿನಲ್ಲಿ ಸ್ವಯಂಸೇವೆಗೆ ಕೇಳುತ್ತಿದ್ದೇನೆ ಎಂದು ಹೇಳು. ಅದೇ ನಿಜ, ಅವರಿಗೂ ಸಮಾಧಾನ. ಯಾವ ಜಾಗ, ಜೊತೆಗೆ ಯಾರು, ವಾಪಸ್ ಎಷ್ಟು ಹೊತ್ತಿಗೆ ಎಂದು ಹೇಳಿದರೆ ಅಮ್ಮನ ಅರ್ಧ ಭಯ ಹೋಗುತ್ತದೆ. ಅಪ್ಪ ಓದಿನ ಬಗ್ಗೆ ಕೇಳುತ್ತಾರೆ. ಇದೂ ನನ್ನ ಓದಿಗೆ ಸಂಬಂಧಪಟ್ಟದ್ದೇ ಎಂದು ಧೈರ್ಯವಾಗಿ ಹೇಳು.

ಇಂದಿನಿಂದಲೇ ಒಂದು ನೋಟ್‌ಬುಕ್ ಇಡು. ಎಲ್ಲಿ ಸ್ವಯಂಸೇವೆ ಮಾಡಿದೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ವಾರಕ್ಕೆ ಎಷ್ಟು ಗಂಟೆ, ಯಾರ ಕೈಕೆಳಗೆ, ಎಲ್ಲಾ ಬರೆದಿಡು. ಸರ್ಕಾರಿ ರೆಸ್ಯೂಮ್‌ನಲ್ಲಿ ಈ ಗಂಟೆ ಬರೆಯದಿದ್ದರೆ ಆ ಅನುಭವ ಲೆಕ್ಕಕ್ಕೇ ಬರುವುದಿಲ್ಲ. ವರ್ಷಗಳಾದ ಮೇಲೆ ಕೂತು ನೆನಪಿಸಿಕೊಳ್ಳುವುದು ಕಷ್ಟ. ಮೊದಲ ಪುಟ ತುಂಬಿದಾಗ ಫೋಟೋ ತೆಗೆದು ನನಗೆ ಕಳಿಸು, ಸರಿಯಾಗಿ ಬರೆದಿದ್ದೀಯಾ ನೋಡಿ ಹೇಳುತ್ತೇನೆ.