ಬ್ರಿಸ್ಬೇನ್‌ನಲ್ಲಿ ನೆಲಮಹಡಿ ಮನೆ ಸಿಕ್ಕಿದೆ, ತಗೊಳ್ಳಲಾ?

ಓದಲು ಈಗಷ್ಟೇ ಬಂದಿದ್ದೀರಿ, ಸೇಂಟ್ ಲೂಸಿಯಾ ಬಡಾವಣೆಯಲ್ಲಿ ನೆಲಮಹಡಿಯ ಯೂನಿಟ್ (ಫ್ಲ್ಯಾಟ್) ಸಿಕ್ಕಿದೆ, ಬಾಡಿಗೆ ಅಕ್ಕಪಕ್ಕದವಕ್ಕಿಂತ ಕಡಿಮೆ, ನದಿಯೂ ಕಣ್ಣಿಗೆ ಕಾಣುವುದಿಲ್ಲ, ಆದರೂ ಎಲ್ಲರೂ ನೆರೆ ನೆರೆ ಅಂತ ಹೆದರಿಸುತ್ತಾರೆ, ನಿಜವಾಗಿ ಹೇಗಿರುತ್ತದೆ ಅಂತ ಕೇಳಿದ್ದೀರಿ. ಬಾಡಿಗೆ ಯಾಕೆ ಕಡಿಮೆ ಅಂತ ನಿಮಗೇ ಅನುಮಾನ ಬಂದಿದೆ, ಅಲ್ವಾ? ಒಳ್ಳೆಯದೇ ಆಯಿತು.

ನದಿ ಕಾಣುವುದಿಲ್ಲ ಅನ್ನುವ ಧೈರ್ಯವನ್ನು ಮೊದಲು ಬಿಡಿ. ಈ ಊರಲ್ಲಿ ನೀರು ದಂಡೆ ಹತ್ತಿಯೇ ಬರಬೇಕು ಅಂತಿಲ್ಲ. ರಸ್ತೆಯ ಮಳೆನೀರಿನ ಪೈಪುಗಳೆಲ್ಲ ಹೋಗಿ ಸೇರುವುದು ನದಿಗೇ. ನದಿ ಏರಿದರೆ ಅದೇ ಪೈಪಿನಲ್ಲಿ ನೀರು ಹಿಂದಕ್ಕೆ ಬರುತ್ತದೆ, ನದಿಯಿಂದ ಎಷ್ಟೋ ಆಚೆ ಇರುವ ತಗ್ಗು ರಸ್ತೆಯ ಚರಂಡಿ ಬಾಯಿಂದ ಸುಮ್ನೆ ಉಕ್ಕತೊಡಗುತ್ತದೆ. ಸದ್ದಿಲ್ಲ, ಅಲೆಯಿಲ್ಲ.

2011ರ ಜನವರಿಯಲ್ಲಿ ದೊಡ್ಡ ನೆರೆ ಬಂದಾಗ ನಾವೂ ಹೊಸಬರೇ. ಟೂವಾಂಗ್ ಬಡಾವಣೆಯಲ್ಲಿ ಮೂರನೇ ಮಹಡಿಯ ಮನೆ. ನನಗೆ ಎಲ್ಲಕ್ಕಿಂತ ವಿಚಿತ್ರ ಅನ್ನಿಸಿದ್ದು ಬಿಸಿಲು. ನಗರದಲ್ಲಿ ಮಳೆ ಹೆಚ್ಚುಕಡಿಮೆ ನಿಂತಿತ್ತು, ನದಿ ಮಾತ್ರ ಏರುತ್ತಲೇ ಇತ್ತು. ಮೇಲೆ ಲಾಕಿಯರ್ ಕಣಿವೆಯಲ್ಲಿ ಸುರಿದ ಮಳೆ, ವೈವೆನ್‌ಹೋ ಅಣೆಕಟ್ಟಿನಿಂದ ಬಿಟ್ಟ ನೀರು, ಎಲ್ಲ ನಿಧಾನಕ್ಕೆ ಇಳಿದು ಬರುತ್ತಿತ್ತು. ಜನ ಚಡ್ಡಿ, ಚಪ್ಪಲಿಯಲ್ಲಿ ನೋಡಲು ಬಂದು ಫೋಟೋ ತೆಗೆಯುತ್ತಿದ್ದರು. ನದಿಯ ಮೇಲೆ ತೇಲುವಂತೆ ಕಟ್ಟಿದ್ದ ರಿವರ್‌ವಾಕ್ ಅನ್ನುವ ಕಾಲುದಾರಿಯ ದೊಡ್ಡ ತುಂಡೇ ಕಿತ್ತುಕೊಂಡು ಹೋಯಿತು. 13ರ ಬೆಳಗಿನ ಜಾವ ಸಿಟಿ ಗೇಜ್‌ನಲ್ಲಿ, ಅಂದರೆ ನಗರದ ನಡುವೆ ನದಿಯ ಮಟ್ಟ ಅಳೆಯುವ ಜಾಗದಲ್ಲಿ, ನೀರು 4.46 ಮೀಟರ್ ಮುಟ್ಟಿತು.

ನಮ್ಮ ಮನೆಗೆ ಒಂದು ಹನಿಯೂ ಬರಲಿಲ್ಲ. ಆದರೂ ವಾರಗಟ್ಟಲೆ ಮನೆ ಬಿಡಬೇಕಾಯಿತು. ಯಾಕೆಂದರೆ ಬೇಸ್‌ಮೆಂಟ್ ತುಂಬಿತ್ತು, ಕಟ್ಟಡದ ಮೇನ್ ಸ್ವಿಚ್‌ಬೋರ್ಡು, ಲಿಫ್ಟಿನ ಯಂತ್ರ ಎಲ್ಲ ಇದ್ದದ್ದು ಅಲ್ಲೇ. ಕರೆಂಟ್ ಇಲ್ಲ, ಫ್ರಿಜ್ ಇಲ್ಲ, ಗೇಟು ತೆಗೆಯುವುದಿಲ್ಲ. ಮೇಲಿನ ಮಹಡಿ ಸಿಕ್ಕರೆ ಬಚಾವ್ ಅನ್ನುವವರು ಇದನ್ನು ಹೇಳುವುದೇ ಇಲ್ಲ. ಯಾವ ಮನೆ ನೋಡಲು ಹೋದರೂ ಸ್ವಿಚ್‌ಬೋರ್ಡ್ ಎಲ್ಲಿದೆ ಅಂತ ಕೇಳಿ. ಏಜೆಂಟ್ ನಿಮ್ಮ ಮುಖ ನೋಡುತ್ತಾರೆ, ಪರವಾಗಿಲ್ಲ.

1974ರಲ್ಲಿ ಇದೇ ಗೇಜ್‌ನಲ್ಲಿ 5.45 ಮೀಟರ್ ಬಂದಿತ್ತು. ಆಮೇಲೆ ವೈವೆನ್‌ಹೋ ಕಟ್ಟಿದರು, ಇನ್ನು ನೆರೆಯ ಕಾಟವಿಲ್ಲ ಅಂತ ಬಹಳ ಜನ ನಂಬಿಬಿಟ್ಟರು. ಆದರೆ ನದಿಗೆ ನೀರು ಬರುವ ಪ್ರದೇಶದಲ್ಲಿ ಸುಮಾರು ಅರ್ಧ ಅಣೆಕಟ್ಟಿನ ಹಿಡಿತಕ್ಕೆ ಸಿಗುವುದೇ ಇಲ್ಲ. 2022ರ ಫೆಬ್ರವರಿ ಕೊನೆಯಲ್ಲಿ ನೋಡಿದ್ದು ಅದನ್ನೇ. ಮಳೆ ನಗರದ ಮೇಲೆಯೇ ಸುರಿಯಿತು, ಮೂರು ದಿನದಲ್ಲಿ 600 ಮಿಲಿಮೀಟರಿಗೂ ಜಾಸ್ತಿ. ನದಿ 3.85 ಮೀಟರಿಗೆ ನಿಂತಿತು, 2011ಕ್ಕಿಂತ ಕಡಿಮೆಯೇ. ಆದರೆ ಊರೊಳಗಿನ ಹಳ್ಳಗಳು ಗಂಟೆಗಳಲ್ಲಿ ಉಕ್ಕಿದವು. 2011ರಲ್ಲಿ ಸಾಮಾನು ಸಾಗಿಸಲು ಸಮಯವಿತ್ತು, ಈ ಸಲ ರಾತ್ರಿ ಎದ್ದು ನೋಡಿದರೆ ಕಾರಿನ ಚಕ್ರ ಮುಳುಗಿದೆ, ಅಷ್ಟೇ. ಅದಕ್ಕೇ "ಹೋದ ಸಲ ಇಲ್ಲಿಗೆ ಬರಲಿಲ್ಲ" ಅನ್ನುವ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. ಇನ್ನೊಂದು, ಸುದ್ದಿಯಲ್ಲಿ ಹೇಳುವ ಮೀಟರ್ ಲೆಕ್ಕ ಸಿಟಿ ಗೇಜ್‌ನದ್ದು, ನದಿಯ ಮೇಲ್ಭಾಗದ ಬಡಾವಣೆಗಳಲ್ಲಿ ನೀರಿನ ಮಟ್ಟ ಅದಕ್ಕಿಂತ ಎತ್ತರವಿರುತ್ತದೆ.

ನೀವು ಮಾಡಬೇಕಾದ್ದು ಸುಲಭ. ಸಿಟಿ ಕೌನ್ಸಿಲ್ ಜಾಲತಾಣದಲ್ಲಿ ಫ್ಲಡ್‌ವೈಸ್ ಪ್ರಾಪರ್ಟಿ ರಿಪೋರ್ಟ್ ಪುಕ್ಕಟೆ ಸಿಗುತ್ತದೆ. ವಿಳಾಸ ಹಾಕಿದರೆ ಆ ಜಾಗದ ನೆಲ ಎಷ್ಟು ಎತ್ತರ, ನೆರೆ ಬಂದರೆ ನೀರು ಎಲ್ಲಿಯವರೆಗೆ ಅಂತ ತೋರಿಸುತ್ತದೆ. ಬಾಂಡ್ (ಮನೆಯ ಮುಂಗಡ ಠೇವಣಿ) ಕಟ್ಟುವ ಮೊದಲೇ ನೋಡಿ. ಮನೆ ಮಾಲೀಕರ ವಿಮೆ ಕಟ್ಟಡಕ್ಕೆ, ನಿಮ್ಮ ಲ್ಯಾಪ್‌ಟಾಪು ಹಾಸಿಗೆಗೆ ಅಲ್ಲ, ಅದಕ್ಕೆ ಕಂಟೆಂಟ್ಸ್ ಇನ್ಶೂರೆನ್ಸ್ ಬೇರೆ, ಅದರಲ್ಲೂ ನೆರೆ ಸೇರಿದೆಯಾ ಅಂತ ಓದಿ ನೋಡಬೇಕು. ಮೋಡ ಕಟ್ಟಿದ ಮೇಲೆ ಮಾಡಿಸುತ್ತೇನೆ ಅಂದರೆ ಆಗದು, ಬಹಳ ಪಾಲಿಸಿಗಳಲ್ಲಿ ಮೊದಲ 72 ಗಂಟೆ ನೆರೆಗೆ ಪರಿಹಾರವಿಲ್ಲ. ಇಲ್ಲಿನ ಕೇಂದ್ರ ಸರ್ಕಾರದ ನೆರೆ ಪರಿಹಾರದ ದುಡ್ಡೂ ಸ್ಟೂಡೆಂಟ್ ವೀಸಾದವರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ.

ನೀರು ಬಂದೇ ಬಂತು ಅಂತಿಟ್ಟುಕೊಳ್ಳಿ. ಛಾವಣಿ ಹಾರಿದೆ, ಮನೆಗೆ ನೀರು ನುಗ್ಗುತ್ತಿದೆ ಅಂದರೆ ಎಸ್‌ಇಎಸ್‌ಗೆ (ರಾಜ್ಯದ ತುರ್ತು ನೆರವಿನ ಪಡೆ) 132 500ಕ್ಕೆ ಫೋನ್ ಮಾಡಿ. ಜೀವಕ್ಕೆ ಅಪಾಯ ಅಂದರೆ 000. ನೀರು ನಿಂತ ರಸ್ತೆಗೆ ಕಾರು ಇಳಿಸಬೇಡಿ, ಮುಂದಿನ ಕಾರು ಹೋಯಿತು ಅಂತಲೂ ಇಳಿಸಬೇಡಿ. ಕರೆಂಟ್ ಹೋಗುವ ಮೊದಲೇ ಊರಿಗೆ ಫೋನ್ ಮಾಡಿ ಹೇಳಿಬಿಡಿ, ಇಲ್ಲದಿದ್ದರೆ ಟಿವಿಯಲ್ಲಿ ಮುಳುಗಿದ ಮನೆ ನೋಡಿ ಅಮ್ಮ ಅದೇ ನಿಮ್ಮ ಮನೆ ಅಂದುಕೊಳ್ಳುತ್ತಾರೆ.

ನೀರಿಗಿಂತ ಕೆಟ್ಟದ್ದು ಕೆಸರು. ನೀರು ಇಳಿಯುತ್ತಿರುವಾಗಲೇ ತೊಳೆದು ತಳ್ಳಬೇಕು, ಒಣಗಿದರೆ ಕೆರೆದರೂ ಬರುವುದಿಲ್ಲ, ನಾತವಂತೂ ಗೋಡೆಯೊಳಗೇ ಸೇರಿಬಿಡುತ್ತದೆ. ಸಾಮಾನು ಎಸೆಯುವ ಮೊದಲು ಒಂದೊಂದರ ಫೋಟೋ ತೆಗೆಯಿರಿ, ವಿಮೆಗೆ ಬೇಕು. ಒಂಟಿಯಾಗಿಬಿಡುತ್ತೇನೆ ಅನ್ನುವ ಭಯ ಬೇಡ. 2011ರಲ್ಲಿ ಸಾವಿರಾರು ಜನ ಸಲಿಕೆ, ಪೊರಕೆ ಹಿಡಿದು ಬಸ್ಸುಗಳಲ್ಲಿ ಬಂದು ಗುರುತಿಲ್ಲದವರ ಮನೆ ತೊಳೆದರು. ಮಡ್ ಆರ್ಮಿ ಅಂತ ಹೆಸರೇ ಬಿತ್ತು. ನಾವೂ ಪಕ್ಕದ ಬೀದಿಗೆ ಹೋಗಿದ್ದೆವು, ಅಷ್ಟು ದಿನ ಬರೀ ತಲೆಯಾಡಿಸುತ್ತಿದ್ದ ನೆರೆಹೊರೆಯವರ ಹೆಸರು ಗೊತ್ತಾದದ್ದೇ ಆಗ.

ಮನೆಯ ವಿಷಯಕ್ಕೆ ಬಂದರೆ, ರಿಪೋರ್ಟ್‌ನಲ್ಲಿ ನೆರೆಯ ಮಟ್ಟ ನಿಮ್ಮ ನೆಲಕ್ಕಿಂತ ಮೇಲಿದ್ದರೆ ನಾನಾಗಿದ್ದರೆ ತಗೊಳ್ಳುತ್ತಿರಲಿಲ್ಲ. ಬೇರೆ ಗತಿಯೇ ಇಲ್ಲ ಅಂದರೆ ಲೀಸ್ ಮುಗಿಯುವ ತಿಂಗಳು ನೋಡಿ ಸಹಿ ಹಾಕಿ. 1974, 2011, 2022, ಮೂರೂ ಸಲ ನೀರು ಬಂದದ್ದು ಜನವರಿ, ಫೆಬ್ರವರಿಯಲ್ಲಿ. ಈಗ ಜುಲೈ. ನವೆಂಬರ್ ಕೊನೆಗೆ ಮುಗಿಯುವ ಹಾಗೆ ಕೊಡುತ್ತಾರಾ ಅಂತ ಏಜೆಂಟನ್ನು ಕೇಳಿ ನೋಡಿ.